ಕೋಟಿಯವರೆಗೆ ಎಣಿಸಲು ಎಷ್ಟು ದಿನ ಬೇಕು?

(ಕುಟ್ಟದಲ್ಲಿ ಮಾಡಿದ ಜುಮಾ ಭಾಷಣದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರು ಮತ್ತು ಸಹಾಬಿಗಳ ಮೇಲೆ ಅಲ್ಲಾಹನ ಕೃಪೆ, ಶಾಂತಿ ಇರಲಿ.



ಮೊನ್ನೆ ಮದ್ರಸಾದಲ್ಲಿ ಒಬ್ಬ ಹುಡುಗ ಕೇಳಿದ: "ಉಸ್ತಾದ್, ಒಂದರಿಂದ ಕೋಟಿಯವರೆಗೆ ಬಾಯಿಬಿಟ್ಟು ಎಣಿಸಲು ಎಷ್ಟು ದಿನ ಬೇಕು?" ಪಕ್ಕದಲ್ಲಿದ್ದವನು "ಒಂದು ವಾರ ಸಾಕು" ಎಂದ. ನಾನು ಅವರನ್ನು ಗದರಿಸಲಿಲ್ಲ. ಬೋರ್ಡಿನ ಮೇಲೆ ಎಲ್ಲರೂ ಸೇರಿ ಲೆಕ್ಕ ಹಾಕಿದೆವು. ಆ ಲೆಕ್ಕವನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಸೆಕೆಂಡಿಗೆ ಒಂದು ಸಂಖ್ಯೆಯಂತೆ ಹೇಳಿದರೂ ಕೋಟಿಗೆ 115 ದಿನ ದಾಟುತ್ತದೆ. ಆದರೆ ಸೆಕೆಂಡಿಗೆ ಒಂದು ಹೇಳಲು ಸಾಧ್ಯವೇ? 'ಒಂದು, ಎರಡು' ಎನ್ನುವಾಗ ಸರಿ. 'ತೊಂಬತ್ತೊಂಬತ್ತು ಲಕ್ಷದ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು' ಎಂದು ಒಮ್ಮೆ ಹೇಳಿ ನೋಡಿ. ಐದು ಸೆಕೆಂಡ್ ಬೇಕು. ಕೋಟಿಯೊಳಗಿನ ಸಂಖ್ಯೆಗಳಲ್ಲಿ ನೂರಕ್ಕೆ ತೊಂಬತ್ತು ಹತ್ತು ಲಕ್ಷಕ್ಕಿಂತ ಮೇಲಿನವು, ಅಂದರೆ ಇಂಥ ಉದ್ದದವೇ. ಹಾಗಾಗಿ ಊಟ, ನಿದ್ದೆ, ನಮಾಝ್ ಯಾವುದೂ ಇಲ್ಲದೆ ಎಣಿಸಿದರೂ ಸುಮಾರು 578 ದಿನ. ತೋಟದ ಕೆಲಸದಂತೆ ದಿನಕ್ಕೆ ಎಂಟು ಗಂಟೆ ಎಣಿಸಿದರೆ ನಾಲ್ಕು ವರ್ಷ ಒಂಬತ್ತು ತಿಂಗಳು!

ಇದು ಬರೀ ಬೋರ್ಡಿನ ಲೆಕ್ಕವಲ್ಲ. 2007ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಜೆರೆಮಿ ಹಾರ್ಪರ್ ಎಂಬವರು ಹತ್ತು ಲಕ್ಷದವರೆಗೆ ಬಾಯಿಬಿಟ್ಟು ಎಣಿಸಿದರು. ದಿನಕ್ಕೆ ಸುಮಾರು 16 ಗಂಟೆ ಕೂತರೂ 89 ದಿನ ಹಿಡಿಯಿತು. ಭಾಗಿಸಿ ನೋಡಿದರೆ ಅಲ್ಲೂ ಒಂದು ಸಂಖ್ಯೆಗೆ ಐದು ಸೆಕೆಂಡೇ ಬರುತ್ತದೆ.

ಸಹೋದರರೇ, ಈಗ ನಿಮ್ಮ ಎದೆಯ ಮೇಲೆ ಕೈಯಿಡಿ. ಹೃದಯ ನಿಮಿಷಕ್ಕೆ ಸುಮಾರು 72 ಬಾರಿ ಬಡಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ದಿನಕ್ಕೆ ಒಂದು ಲಕ್ಷ ಮೂರು ಸಾವಿರಕ್ಕೂ ಹೆಚ್ಚು ಬಡಿತ. ಒಂದು ಲಕ್ಷದವರೆಗೆ ಎಣಿಸಲು, ಸಂಖ್ಯೆಗೆ ಮೂರು ಸೆಕೆಂಡಿನಂತೆ, 83 ಗಂಟೆ ಬೇಕು. ಅಂದರೆ ಇಂದು ಒಂದು ದಿನ ಬಡಿದ ಹೃದಯದ ಬಡಿತವನ್ನು ಎಣಿಸಿ ಮುಗಿಸುವಷ್ಟರಲ್ಲಿ ಇನ್ನೂ ಮೂರು ದಿನದ ಬಡಿತ ಬಾಕಿಯಾಗಿರುತ್ತದೆ. ನಿದ್ದೆ ಬಿಟ್ಟು ಕೂತರೂ ನಾವು ಹಿಂದೆಯೇ ಉಳಿಯುತ್ತೇವೆ. ಅಲ್ಲಾಹನ ಅನುಗ್ರಹಗಳನ್ನು ಎಣಿಸಹೊರಟರೆ ನಿಮಗೆ ಎಣಿಸಿ ಮುಗಿಸಲಾಗದು ಎಂಬ ಅರ್ಥದ ಮಾತು ಪವಿತ್ರ ಕುರ್‌ಆನಿನ ಸೂರಾ ಇಬ್ರಾಹೀಮ್‌ನಲ್ಲೂ ಸೂರಾ ಅನ್ನಹ್ಲ್‌ನಲ್ಲೂ ಇದೆ. ಇದು ಅಲಂಕಾರದ ಮಾತು ಎಂದುಕೊಂಡಿದ್ದೆವು. ಒಂದೇ ಒಂದು ಅನುಗ್ರಹದ, ಒಂದೇ ಒಂದು ದಿನದ ಲೆಕ್ಕಕ್ಕೇ ನಾವು ಸೋತೆವು. ಉಸಿರು, ಕಣ್ಣು, ಮಕ್ಕಳು, ನೀರು ಎಲ್ಲ ಇನ್ನೂ ಬಾಕಿ ಇದೆ. ಒಂದು ಹೂಮಳೆ ಬಿದ್ದರೆ ನಮ್ಮ ಕಾಫಿ ತೋಟವೆಲ್ಲ ಬೆಳ್ಳಗಾಗುತ್ತದೆ. ಒಂದು ಗಿಡದ ಹೂವನ್ನಾದರೂ ಎಣಿಸಿದವರು ನಮ್ಮಲ್ಲಿ ಯಾರಿದ್ದಾರೆ?

ಹಾಗಾದರೆ ಕೋಟಿ ನಮ್ಮ ಬಾಯಿಗೆ ಎಟುಕದ್ದೇ? ಎಟುಕುತ್ತದೆ. ದಾರಿಯನ್ನು ಪ್ರವಾದಿ(ಸ)ರು ತೋರಿಸಿದ್ದಾರೆ.

ಒಮ್ಮೆ ಬಡ ಸಹಾಬಿಗಳು ಬಂದು ದುಃಖ ತೋಡಿಕೊಂಡರು: ಶ್ರೀಮಂತರು ನಮ್ಮಂತೆಯೇ ನಮಾಝ್ ಮಾಡುತ್ತಾರೆ, ಉಪವಾಸ ಹಿಡಿಯುತ್ತಾರೆ, ಮೇಲಾಗಿ ದಾನವನ್ನೂ ಕೊಡುತ್ತಾರೆ, ನಮ್ಮಲ್ಲಿ ಕೊಡಲು ಏನೂ ಇಲ್ಲ. ಆಗ ಪ್ರವಾದಿ(ಸ)ರು ಪ್ರತಿ ಫರ್ಳ್ ನಮಾಝಿನ ಬಳಿಕ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 33 ಬಾರಿ ಅಲ್ಲಾಹು ಅಕ್ಬರ್ ಹೇಳಲು ಕಲಿಸಿದರು. ತೌಹೀದಿನ ವಚನದೊಂದಿಗೆ ನೂರು ಪೂರ್ಣ. ಬೆರಳುಗಳಲ್ಲಿ ಎಣಿಸಿರಿ, ನಾಳೆ ಅವು ಸಾಕ್ಷಿ ಹೇಳುತ್ತವೆ ಎಂದೂ ಕಲಿಸಿದರು.

ಇದಕ್ಕೆ ಎಷ್ಟು ಹೊತ್ತು ಬೇಕು? ಎರಡು ಮೂರು ನಿಮಿಷ. ಐದು ಹೊತ್ತಿಗೆ ಐನೂರು. ಈಗ ಲೆಕ್ಕ ನೋಡಿ: ದಿನಕ್ಕೆ ಐನೂರರಂತೆ 200 ದಿನಕ್ಕೆ ಒಂದು ಲಕ್ಷ. 20,000 ದಿನಕ್ಕೆ ಒಂದು ಕೋಟಿ. ಅಂದರೆ ಸುಮಾರು 55 ವರ್ಷ. ಹದಿನೈದರ ಹುಡುಗ ಇಂದು ಅಸರ್ ಬಳಿಕ ಶುರು ಮಾಡಿ ಬಿಡದೆ ನಡೆಸಿದರೆ, ಅಲ್ಲಾಹನು ಆಯುಸ್ಸು ಕೊಟ್ಟರೆ, ಎಪ್ಪತ್ತರ ಹೊತ್ತಿಗೆ ಅವನ ಬೆರಳುಗಳು ಕೋಟಿ ಎಣಿಸಿರುತ್ತವೆ. ಅವನು ಒಂದು ದಿನವೂ ಕೆಲಸ ಬಿಟ್ಟಿರುವುದಿಲ್ಲ. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮ ಸ್ವಲ್ಪವಾದರೂ ಬಿಡದೆ ಮಾಡುವಂಥದ್ದು ಎಂದು ಪ್ರವಾದಿ(ಸ)ರು ಹೇಳಿದ್ದರ ಅರ್ಥ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಆದರೆ ನಾವೇನು ಮಾಡುತ್ತೇವೆ? ಸಲಾಂ ಹೇಳುತ್ತಿದ್ದಂತೆ ಕೈ ಜೇಬಿಗೆ ಹೋಗುತ್ತದೆ, ಮೊಬೈಲ್ ಹೊರಗೆ ಬರುತ್ತದೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಆ ಮೂರು ನಿಮಿಷವನ್ನು ಬಿಟ್ಟು ಎದ್ದವನು ನೂರನ್ನು ಮಾತ್ರ ಕಳೆದುಕೊಂಡೆ ಎಂದುಕೊಳ್ಳುತ್ತಾನೆ. ನಿಜವಾಗಿ ಅವನ ಕೈಯಿಂದ ಜಾರುತ್ತಿರುವುದು ಕೋಟಿ.

ಹಿರಿಯರೊಬ್ಬರು ಈ ಲೆಕ್ಕ ಕೇಳಿ, "ನನಗೆ ಎಪ್ಪತ್ತಾಯಿತು ಉಸ್ತಾದ್, ಇನ್ನು ಶುರು ಮಾಡಿ ಏನು ಫಲ?" ಎಂದರು. ಕಾಕಾ, ಒಂದೇ ವರ್ಷ ಸಿಕ್ಕರೂ ಒಂದು ಲಕ್ಷ ಎಂಬತ್ತೆರಡು ಸಾವಿರದ ಐನೂರು ಬಾರಿ ಅಲ್ಲಾಹನ ಸ್ಮರಣೆ ಮಾಡಿರುತ್ತೀರಿ. ಒಂದೇ ದಿನ ಸಿಕ್ಕರೂ ಐನೂರು. ಕೋಟಿ ತಲುಪಿದವನಿಗೆ ಮಾತ್ರ ಪ್ರತಿಫಲ ಎಂದು ಅಲ್ಲಾಹನು ಎಲ್ಲೂ ಹೇಳಿಲ್ಲ. ನಾವು ಎಣಿಸುವುದು ಅವನಿಗೆ ಲೆಕ್ಕ ಒಪ್ಪಿಸಲಿಕ್ಕಲ್ಲ, ಮರೆಯದಿರಲಿಕ್ಕೆ.

ಇಂದು ಮನೆಗೆ ಹೋಗಿ ಮಕ್ಕಳೊಂದಿಗೆ, ಮನೆಯವರೊಂದಿಗೆ ಈ ಲೆಕ್ಕ ಹಾಕಿ ನೋಡಿ. ಮಗ್ರಿಬ್ ಬಳಿಕ ಎಲ್ಲರೂ ಒಟ್ಟಿಗೆ ಕೂತು ಬೆರಳು ಮಡಚಿ. ಬಾಯಿ ಮಾತ್ರ ಓಡದೆ ಮನಸ್ಸೂ ಜೊತೆಗಿರಲಿ.

ಎಣಿಸಲಾಗದಷ್ಟು ಕೊಟ್ಟವನನ್ನು ಎಣಿಸಿಯಾದರೂ ಸ್ಮರಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.