ಫಡ್ಜ್: ಸಿಹಿಯೋ, ಸುಳ್ಳೋ?

ಪುಣೆ, ಮುಂಬೈನಲ್ಲಿ ಇರೋರಿಗೆ ಫಡ್ಜ್ ಅಂದ ತಕ್ಷಣ ಲೋಣಾವಳದ ಕೂಪರ್ಸ್ ಅಂಗಡಿ ನೆನಪಾಗುತ್ತೆ. ದೆಹಲಿಯವರಿಗೆ ನಿರೂಲಾಸ್‌ನ ಹಾಟ್ ಚಾಕೊಲೇಟ್ ಫಡ್ಜ್. ಆದರೆ ಆಫೀಸಲ್ಲಿ ಯಾರಾದರೂ "ನಂಬರ್ಸ್ ಸ್ವಲ್ಪ ಫಡ್ಜ್ ಮಾಡಿ" ಅಂದ್ರೆ ಅದು ತಿನ್ನೋ ಪದಾರ್ಥ ಅಲ್ಲ.

ನಿಜ ಹೇಳಬೇಕಂದ್ರೆ ಆಫೀಸಿನ ಅರ್ಥವೇ ಹಳೆಯದು. ತಿನ್ನೋ ಫಡ್ಜ್‌ಗೆ ದಾಖಲೆ ಸಿಗೋದು 1880ರ ದಶಕದ ಅಮೆರಿಕದಲ್ಲಿ. ವಾಸರ್ ಕಾಲೇಜಿನಲ್ಲಿ ಓದಿದ ಎಮೆಲಿನ್ ಹಾರ್ಟ್‌ರಿಜ್ ಒಂದು ಪತ್ರದಲ್ಲಿ ಬರೆದಿದ್ದಾರೆ: 1886ರಲ್ಲಿ ಬಾಲ್ಟಿಮೋರಿನಲ್ಲಿ ಅದು ಪೌಂಡಿಗೆ 40 ಸೆಂಟ್, 1888ರಲ್ಲಿ ಕಾಲೇಜಿನ ಹರಾಜಿಗೆ ತಾವೇ 30 ಪೌಂಡ್ ಮಾಡಿದರಂತೆ. ಅಷ್ಟು ಹೊತ್ತಿಗೆ ಫಡ್ಜ್ ಅನ್ನೋ ಕ್ರಿಯಾಪದಕ್ಕೆ ಸುಮಾರು 200 ವರ್ಷ ಆಗಿತ್ತು.

ಅದು ಬಂದಿದ್ದು ಬಹುಶಃ 'ಫ್ಯಾಡ್ಜ್' ಅನ್ನೋ ಪದದಿಂದ. ಶೇಕ್ಸ್‌ಪಿಯರ್ ನಾಟಕದಲ್ಲೂ ಆ ಪದ ಇದೆ. ಅರ್ಥ, ಹೊಂದಿಕೊಳ್ಳೋದು, ಸರಿಹೊಂದೋದು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹೊಂದದೇ ಇರೋದನ್ನ ಹೇಗೋ ಹೊಂದಿಸಿ ತೋರಿಸೋಕೆ ಶುರು ಮಾಡಿದಾಗ ಅರ್ಥ ಜಾರಿತು. ನಮ್ಮಲ್ಲೂ ನೋಡಿ, 'ದುಡ್ಡು ಹೊಂದಿಸಿದ' ಅಂದ್ರೆ ಪಾಪ ಅನ್ಸುತ್ತೆ, 'ಲೆಕ್ಕ ಹೊಂದಿಸಿದ' ಅಂದ್ರೆ ಹುಬ್ಬು ಮೇಲೆ ಹೋಗುತ್ತೆ.

17ನೇ ಶತಮಾನದಲ್ಲಿ ಫಡ್ಜ್ ಅನ್ನೋ ಹೆಸರಿನ ಒಬ್ಬ ಹಡಗಿನ ಕ್ಯಾಪ್ಟನ್ ಇದ್ದ, ಮಹಾ ಸುಳ್ಳುಗಾರ, ಅವನಿಂದಲೇ ಪದ ಬಂತು ಅಂತಲೂ ಕಥೆ ಇದೆ. ಚೆಂದದ ಕಥೆ. ಆದ್ರೆ ಇದ್ದ ಪದಕ್ಕೆ ಅವನ ಹೆಸರು ಒಂದಿಷ್ಟು ಮಸಾಲೆ ಹಾಕಿರಬಹುದು ಅಷ್ಟೇ ಅನ್ನೋದು ನನ್ನ ಅಂದಾಜು.

ನಮ್ಮ ಇಂಜಿನಿಯರ್‌ಗಳ 'ಫಡ್ಜ್ ಫ್ಯಾಕ್ಟರ್' ಇದೇ ಕುಟುಂಬದ್ದು. 1917ರಲ್ಲಿ ಐನ್‌ಸ್ಟೈನ್ ವಿಶ್ವ ಹಿಗ್ಗದೆ ಕುಗ್ಗದೆ ನಿಲ್ಲಲಿ ಅಂತ ತಮ್ಮ ಸಮೀಕರಣಕ್ಕೆ ಒಂದು ಸ್ಥಿರಾಂಕ ಸೇರಿಸಿದರು. 1929ರಲ್ಲಿ ಹಬಲ್ ಗ್ಯಾಲಕ್ಸಿಗಳು ದೂರ ಸರಿಯೋದನ್ನ ತೋರಿಸಿದ ಮೇಲೆ ಅದನ್ನ ಕೈಬಿಟ್ಟರು. 1998ರಲ್ಲಿ ಆ ಹಿಗ್ಗೋ ವೇಗವೇ ಹೆಚ್ತಾ ಇದೆ ಅಂತ ಗೊತ್ತಾದಾಗ ಸ್ಥಿರಾಂಕ ವಾಪಸ್ ಬಂತು. ನನಗೆ ಇಷ್ಟವಾಗೋದು ಬೇರೆ ವಿಷಯ: ಅವರು ಅದನ್ನ ಬಚ್ಚಿಡಲಿಲ್ಲ. ಅಕ್ಷರ ಕೊಟ್ಟು, ಎಲ್ಲರಿಗೂ ಕಾಣೋ ಹಾಗೆ ಬರೆದರು. ಹಾಗೆ ಬರೆದಿದ್ರಿಂದಲೇ ಅದನ್ನ ತೆಗೆಯೋಕೂ ಆಯ್ತು, ಮತ್ತೆ ಸೇರಿಸೋಕೂ ಆಯ್ತು.

ಎಸ್ಟಿಮೇಟ್‌ನಲ್ಲಿ 'ಕೆಲಸ 10 ದಿನ, ಬಫರ್ 2 ದಿನ' ಅಂತ ಬೇರೆ ಸಾಲಲ್ಲಿ ಹಾಕಿದ್ರೆ ಅದೂ ಇದೇ ಜಾತಿ. ಟೆಸ್ಟ್ ರಿಪೋರ್ಟ್ ಹಾಗಲ್ಲ.

ನಾನು ಹಿಂದೆ ಇದ್ದ ಒಂದು ಪ್ರಾಜೆಕ್ಟಲ್ಲಿ ಟೆಸ್ಟ್ ಕವರೇಜ್ ಶೇ 61 ಬಂದಿತ್ತು, ಕ್ಲೈಂಟ್‌ಗೆ 80 ಬೇಕು. ಹೊಸದಾಗಿ ಸೇರಿದ್ದ ಹುಡುಗಿಗೆ ಮ್ಯಾನೇಜರ್ "ಸ್ವಲ್ಪ ಫಡ್ಜ್ ಮಾಡಮ್ಮ" ಅಂದರು. ಸುಳ್ಳು ಬರಿ ಅಂತ ಹೇಳೋಕೆ ಅವರಿಗೂ ಬಾಯಿ ಬರ್ತಿರಲಿಲ್ಲ. ಈ ಪದ ಇದ್ದಿದ್ದಕ್ಕೆ ಬಂತು. ಅವಳು ಪ್ರೊಬೇಷನ್‌ನಲ್ಲಿದ್ದಳು. ಒಂದು ಕ್ಷಣ ಸುಮ್ಮನಿದ್ದು, "ಆಯ್ತು ಸರ್, ಎಷ್ಟು ಅಂತ ಹಾಕಬೇಕು ಒಂದು ಮೇಲ್ ಹಾಕಿಬಿಡಿ" ಅಂದಳು.

ಮೇಲ್ ಬರಲೇ ಇಲ್ಲ. ರಿಪೋರ್ಟ್ 61 ಅಂತಲೇ ಹೋಯ್ತು.