ದಾನವನ್ನು ಕುರಿತು ಸಂಶೋಧಿಸುವವರಿಗೆ ವೃತ್ತಿಯೂ ಗುರುವೂ



ದಾನ ಮಾಡುವುದು ಪುಣ್ಯಕಾರ್ಯವೆಂದು ಬಲ್ಲವರು ಬಹುಮಂದಿ. ಕೊಟ್ಟ ಹಣವು ಎಲ್ಲಿ ಸೇರಿತು, ಯಾರ ಬಾಳು ಅದರಿಂದ ಹಸನಾಯಿತು, ಯಾರ ಬಾಗಿಲಿಗೆ ಅದು ತಲುಪದೆಯೇ ಹೋಯಿತು ಎಂದು ವಿಚಾರಿಸುವವರಾದರೋ ಅತಿ ವಿರಳ. ಆ ವಿಚಾರವನ್ನೇ ಒಂದು ಶಾಸ್ತ್ರವನ್ನಾಗಿ ಅಭ್ಯಸಿಸಿ, ಮಹಾಪ್ರಬಂಧವನ್ನು ರಚಿಸಿ, ಡಾಕ್ಟರ್ ಪದವಿಯನ್ನು ಪಡೆಯುವ ತರುಣತರುಣಿಯರು ಇಂದು ಇದ್ದಾರೆ. ಅವರಿಗೆ ಜೀವನಕ್ಕೆ ವೃತ್ತಿಯನ್ನೂ ಓದಿಗೆ ಗುರುವನ್ನೂ ಒದಗಿಸುವ ಏರ್ಪಾಡು ಅಮೇರಿಕಾ ದೇಶದಲ್ಲಿ ಹೇಗೆ ಬೆಳೆಯಿತೆಂಬುದೇ ಈ ಉಪನ್ಯಾಸದ ವಿಷಯವು. ದಾಸೋಹದ ಮನೆಯಲ್ಲಿ ಕುಳಿತವರಿಗೆ ಇದು ದೂರದ ಮಾತಾಗಿ ತೋರಬಹುದು, ಅಷ್ಟು ದೂರದ್ದಲ್ಲ.

ಆ ದೇಶದಲ್ಲಿ ಧನಿಕರು ಸ್ಥಾಪಿಸಿದ ದತ್ತಿನಿಧಿಗಳು ಅಸಂಖ್ಯಾತ. ೧೯೬೯ರಲ್ಲಿ ಅಲ್ಲಿಯ ಶಾಸನಸಭೆಯು ಅವುಗಳ ಮೇಲೆ ಸಂಶಯಪಟ್ಟು ಕಟ್ಟುನಿಟ್ಟಾದ ತೆರಿಗೆಯ ಕಾಯದೆಯನ್ನು ಮಾಡಿತು. ದಾನಿಗಳು ತಮ್ಮ ಪಕ್ಷವನ್ನು ಸಮರ್ಥಿಸಿಕೊಳ್ಳಹೋದಾಗ ಒಂದು ಸೋಜಿಗ ಹೊರಬಿತ್ತು: ದೇಶದಲ್ಲಿ ಎಷ್ಟು ದಾನವಾಗುತ್ತಿದೆ, ಅದರಿಂದ ಏನಾಗುತ್ತಿದೆ ಎಂಬುದನ್ನು ಪ್ರಮಾಣಸಹಿತವಾಗಿ ಹೇಳಬಲ್ಲವರು ವಿದ್ವಾಂಸರಲ್ಲಿಯೂ ತೀರ ಕಡಿಮೆಯಾಗಿದ್ದರು. ಮೂರನೆಯ ಜಾನ್ ರಾಕ್‌ಫೆಲ್ಲರ್ ಎಂಬ ಶ್ರೀಮಂತರ ಪ್ರೇರಣೆಯಿಂದ ೧೯೭೩ರಲ್ಲಿ ಜಾನ್ ಫೈಲರ್ ಎಂಬವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವು ಏರ್ಪಟ್ಟಿತು. ೧೯೭೫ರಲ್ಲಿ ಅದು ವರದಿಯನ್ನು ಒಪ್ಪಿಸಿತು. ಆಯೋಗವು ಬರೆಯಿಸಿದ ಸಂಶೋಧನ ಲೇಖನಗಳನ್ನು ೧೯೭೭ರಲ್ಲಿ ಸರಕಾರದ ಖಜಾನೆ ಇಲಾಖೆಯೇ ಅಚ್ಚು ಹಾಕಿಸಿತು. ಶಾಸ್ತ್ರವು ಮೊಳೆತದ್ದು ಭಕ್ತಿಯಿಂದಲ್ಲ, ಸಂಶಯದಿಂದ ಎಂಬುದನ್ನು ಕೇಳುಗರು ಗಮನಿಸಬೇಕು.

ಅದೇ ದಶಕದ ಕೊನೆಯಲ್ಲಿ ಯೇಲ್ ವಿಶ್ವವಿದ್ಯಾಲಯವು ಜಾನ್ ಸೈಮನ್ ಎಂಬ ನ್ಯಾಯಶಾಸ್ತ್ರದ ಪ್ರಾಧ್ಯಾಪಕರ ನೇತೃತ್ವದಲ್ಲಿ, ಲಾಭಕ್ಕಾಗಿ ನಡೆಯದ ಸಂಸ್ಥೆಗಳ ಅಧ್ಯಯನಕ್ಕೆಂದು ಪ್ರತ್ಯೇಕ ವಿಭಾಗವನ್ನು ತೆರೆಯಿತು. ಹೆನ್ರಿ ಹ್ಯಾನ್ಸ್‌ಮನ್ ಎಂಬವರು ೧೯೮೦ರಲ್ಲಿ ಪ್ರಕಟಿಸಿದ ಲೇಖನವೊಂದು ಈ ಶಾಸ್ತ್ರಕ್ಕೆ ಆಧಾರಸ್ತಂಭದಂತೆ ನಿಂತಿದೆ. ಅದರ ವಾದವು ಸರಳವಾದದ್ದು. ಅಂಗಡಿಯಲ್ಲಿ ಬೆಲ್ಲ ಕೊಂಡವನು ಮನೆಗೆ ಬಂದು ತೂಗಿ ನೋಡಬಹುದು, ರುಚಿ ನೋಡಬಹುದು. ದೂರದ ಕ್ಷಾಮಪೀಡಿತರಿಗೆ ಜೋಳ ಕಳುಹಿಸಲು ಹಣ ಕೊಟ್ಟವನು ಏನನ್ನು ತೂಗುವನು? ಜೋಳ ಮುಟ್ಟಿತೋ ಇಲ್ಲವೋ ಅವನು ಕಾಣನು. ಉಳಿದ ಹಣವನ್ನು ಜೇಬಿಗಿಳಿಸಬಲ್ಲ ಯಜಮಾನನೊಬ್ಬನು ನಡುವೆ ಇದ್ದರೆ ಕೊಡುವ ಕೈ ಹಿಂಜರಿಯುತ್ತದೆ. ಉಳಿಕೆಯನ್ನು ಯಾರೂ ಹಂಚಿಕೊಳ್ಳಕೂಡದೆಂಬ ಕಟ್ಟುಳ್ಳ ಸಂಸ್ಥೆಯಾದರೆ ಆ ಕೈ ಮುಂದಾಗುತ್ತದೆ. ಮಠದ ಬೊಕ್ಕಸವು ಯಾರ ಮನೆಯ ಸ್ವತ್ತೂ ಅಲ್ಲವೆಂಬ ನಂಬಿಕೆಯಿಂದ ಒಂದು ಸೇರು ಅಕ್ಕಿಯನ್ನು ತಂದು ಸುರಿಯುವ ಭಕ್ತೆಗೆ ಈ ತತ್ತ್ವವನ್ನು ಹೊಸದಾಗಿ ಬೋಧಿಸಬೇಕಾಗಿಲ್ಲ.

ಶಾಸ್ತ್ರವೇನೋ ಬೆಳೆಯಿತು, ಅದನ್ನು ಓದಹೊರಟ ವಿದ್ಯಾರ್ಥಿಯ ಪಾಡಾದರೋ ತಬ್ಬಲಿಯ ಪಾಡು. ಅರ್ಥಶಾಸ್ತ್ರದ ಗುರುಗಳ ಬಳಿಗೆ ಹೋದರೆ, ಇದು ವ್ಯಾಪಾರವಲ್ಲ, ಇತಿಹಾಸದವರನ್ನು ಕೇಳೆಂಬ ಮಾತು. ಇತಿಹಾಸದವರಿಗೆ ಇದು ರಾಜ್ಯಭಾರದ ಕಥೆಯಲ್ಲ. ಧರ್ಮಾಧ್ಯಯನದವರಿಗೆ ಹಣದ ಲೆಕ್ಕವೆಂದರೆ ಮೈಲಿಗೆ. ವಿಷಯವು ಎಲ್ಲ ಶಾಸ್ತ್ರಗಳಿಗೂ ಸೇರಿದ್ದರಿಂದ ಯಾವ ಶಾಸ್ತ್ರದ ಮನೆಯಲ್ಲಿಯೂ ಅದಕ್ಕೆ ಮಣೆ ಇರಲಿಲ್ಲ. ಈ ಕೊರತೆಯನ್ನು ನೀಗಿದ್ದು ವಿದ್ವಾಂಸರ ಸಂಘ. ೧೯೭೧ರಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿ ಇಂದು ಆರ್ನೋವ ಎಂದು ಕರೆಯಿಸಿಕೊಳ್ಳುವ ಸಂಘವು, ಡಾಕ್ಟರ್ ಪದವಿಯ ವಿದ್ಯಾರ್ಥಿಗಳನ್ನು ಆರಿಸಿ ವೃತ್ತಿಯನ್ನಿತ್ತು ವಾರ್ಷಿಕ ಸಮ್ಮೇಳನಕ್ಕೆ ಬರಮಾಡಿಕೊಳ್ಳುತ್ತದೆ. ಸಮ್ಮೇಳನಕ್ಕೆ ಮುಂಚೆ ಅವರಿಗಾಗಿಯೇ ಒಂದು ಗೋಷ್ಠಿ ಕೂಡುತ್ತದೆ. ಬೇರೆ ಬೇರೆ ವಿಶ್ವವಿದ್ಯಾಲಯಗಳ ಹಿರಿಯರು ಕಿರಿಯರ ಕೆಲಸವನ್ನು ಕೇಳಿ ತಿದ್ದುತ್ತಾರೆ. ಫೈಲರ್ ಆಯೋಗದಲ್ಲಿ ದುಡಿದ ಗೇಬ್ರಿಯಲ್ ರಡ್ನಿ ಎಂಬ ಅರ್ಥಶಾಸ್ತ್ರಜ್ಞರ ಹೆಸರಿನಲ್ಲಿ ಉತ್ತಮ ಮಹಾಪ್ರಬಂಧಕ್ಕೆ ಅದೇ ಸಂಘವು ಪುರಸ್ಕಾರವನ್ನು ಕೊಡುತ್ತದೆ. ೧೯೯೨ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಘವೊಂದು ಎರಡು ವರ್ಷಕ್ಕೊಮ್ಮೆ ಸಮಾವೇಶವನ್ನು ನಡೆಸುತ್ತದೆ. ಅಲ್ಲಿಯೂ ಇಂತಹದೇ ಗೋಷ್ಠಿಯುಂಟು.

ಇಂತಹ ಗುರುವು ಮಾಡುವ ಕೆಲಸವೇನು? ವಿದ್ಯಾರ್ಥಿಯು ಲೋಕದ ದಾನವನ್ನೆಲ್ಲ ಬರೆಯುವೆನೆಂದು ಬಂದರೆ, ಒಂದು ಊರಿನ ಒಂದು ಆಸ್ಪತ್ರೆಯ ಹತ್ತು ವರ್ಷದ ಲೆಕ್ಕವನ್ನು ಮೊದಲು ಓದೆಂದು ತಡೆಯುತ್ತಾನೆ. ಕೀರ್ದಿಯಲ್ಲಿ ಜಮೆಯಾದ ಹಣ ಕಾಣುತ್ತದೆ, ಅದನ್ನು ಬೇಡಿದವನ ಅವಮಾನ ಕಾಣುವುದಿಲ್ಲ. ಅದನ್ನು ತಿಳಿಯಲು ಯಾರ ಮನೆಗೆ ಹೋಗಬೇಕೆಂದು ಹೇಳಿಕೊಡುತ್ತಾನೆ. ಪಡೆದವರ ಹೆಸರನ್ನು ಮರೆಮಾಡುವ ಬಗೆಯನ್ನು ಕಲಿಸುತ್ತಾನೆ. ವೃತ್ತಿಯ ಹಣವು ಕೊಡುವುದು ಕಾಲವನ್ನು ಮಾತ್ರ: ಬೋಧನೆಯ ಚಾಕರಿಯಿಲ್ಲದೆ ಬರೆಯಲು ಸಿಕ್ಕುವ ಕೆಲವು ತಿಂಗಳು. ಗುರುವಿಲ್ಲದಿದ್ದರೆ ಆ ತಿಂಗಳುಗಳು ಸಲೀಸಾಗಿ ವ್ಯರ್ಥವಾಗುತ್ತವೆ.

ಇಲ್ಲಿ ಒಂದು ಗಂಟು ಇದೆ. ಇಂಡಿಯಾನಾ ಪ್ರಾಂತದಲ್ಲಿ ೧೯೮೭ರಲ್ಲಿ ದಾನಾಧ್ಯಯನದ ಕೇಂದ್ರವು ಹುಟ್ಟಿ, ೨೦೧೨ರಲ್ಲಿ ಸ್ವತಂತ್ರ ವಿದ್ಯಾಪೀಠವಾಯಿತು. ಈ ವಿಷಯದಲ್ಲಿಯೇ ಡಾಕ್ಟರ್ ಪದವಿ ಅಲ್ಲಿ ದೊರೆಯುತ್ತದೆ. ಧರ್ಮಶ್ರದ್ಧೆಗೂ ದಾನಕ್ಕೂ ಇರುವ ನಂಟನ್ನು ಶೋಧಿಸುವವರಿಗೆ ಅಲ್ಲಿಯ ಲೇಕ್ ಸಂಸ್ಥೆಯು ಪ್ರತ್ಯೇಕವಾಗಿ ಮಹಾಪ್ರಬಂಧವೃತ್ತಿಯನ್ನು ಏರ್ಪಡಿಸಿದೆ. ಈ ವಿದ್ಯಾಪೀಠವು ಲಿಲ್ಲಿ ಎಂಬ ಔಷಧವ್ಯಾಪಾರಿಗಳ ಮನೆತನದ ಹೆಸರನ್ನು ಹೊತ್ತಿದೆ. ಆ ಮನೆತನದವರು ೧೯೩೭ರಲ್ಲಿ ಸ್ಥಾಪಿಸಿದ ದತ್ತಿನಿಧಿಯು ಅದರ ದೊಡ್ಡ ಪೋಷಕ. ದಾನಿಯನ್ನು ಪರೀಕ್ಷಿಸುವವನು ದಾನಿಯ ಅನ್ನವನ್ನೇ ಉಣ್ಣುತ್ತಾನೆ ಎಂದಾಯಿತು. ಉಂಡವನ ಲೇಖನಿ ಮೆತ್ತಗಾಗದೆ? ಆಗಬಹುದು. ಆದುದರಿಂದಲೇ ವೃತ್ತಿಗೆ ಪಾತ್ರರನ್ನು ಆರಿಸುವ ಅಧಿಕಾರವು ವಿದ್ವಾಂಸರ ಮಂಡಲಿಯಲ್ಲಿರಬೇಕು, ಹಣ ಕೊಟ್ಟವರಲ್ಲಿ ಇರಕೂಡದು. ಗುರುವು ಬೇರೆ ವಿಶ್ವವಿದ್ಯಾಲಯದವನಾಗಿದ್ದರೆ ಇನ್ನೂ ಲೇಸು.

ಮತ್ತೊಬ್ಬ ದಾನಿಯ ಕಥೆಯು ಬೇರೊಂದು ಬಗೆಯದು. ಚಕ್ ಫೀನಿ ಎಂಬವರು ಸುಂಕವಿಲ್ಲದ ಅಂಗಡಿಗಳಿಂದ ಗಳಿಸಿದ ಸಂಪತ್ತನ್ನು ೧೯೮೨ರಿಂದ ದತ್ತಿಗೆ ಒಪ್ಪಿಸಿ, ೧೯೯೭ರವರೆಗೂ ಹೆಸರನ್ನು ಬಚ್ಚಿಟ್ಟರು. ಅವರ ಗುಪ್ತನಿಧಿಯು ದಾನದ ಅಧ್ಯಯನಕ್ಕೂ ಹಣವನ್ನೊದಗಿಸಿತು. ತನ್ನನ್ನು ತೋರಿಸಿಕೊಳ್ಳದವನು ದಾನವು ಬೆಳಕಿಗೆ ಬರಲೆಂದು ಕೊಟ್ಟದ್ದು ವಿಚಿತ್ರವೇ ಸರಿ. ಬದುಕಿರುವಾಗಲೇ ಎಲ್ಲವನ್ನೂ ಕೊಟ್ಟು ಮುಗಿಸಬೇಕೆಂಬ ಅವರ ವ್ರತದಂತೆ ಆ ನಿಧಿಯು ೨೦೨೦ರಲ್ಲಿ ಬಾಗಿಲು ಹಾಕಿತು. ವ್ರತವು ಶ್ಲಾಘ್ಯ, ಅದನ್ನೇ ನೆಚ್ಚಿದ ಸಂಶೋಧಕರು ಮಾತ್ರ ಬೇರೆ ಆಸರೆಯನ್ನು ಹುಡುಕಬೇಕಾಗುತ್ತದೆ.

ಭಾರತದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಿರಿಯ ಸಂಶೋಧನವೃತ್ತಿಯು ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿಗೆ ಏರಿತು. ೨೦೨೨ರ ನಿಯಮದಂತೆ ಒಬ್ಬ ಪ್ರಾಧ್ಯಾಪಕರು ಏಕಕಾಲದಲ್ಲಿ ೮ ಮಂದಿಗಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವಂತಿಲ್ಲ. ಅನ್ನಕ್ಕೆ ಆಧಾರವುಂಟು, ಎಣಿಕೆಗೂ ಕಟ್ಟುಂಟು. ಈ ವಿಷಯವನ್ನೇ ಬಲ್ಲ ಗುರುವು ಸಿಕ್ಕುವುದು ಬೇರೆ ಮಾತು.

ಸಾಮಗ್ರಿಗೆ ಕನ್ನಡನಾಡಿನಲ್ಲಿ ಬರವಿಲ್ಲ. ಧಾರವಾಡದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ೧೮೮೩ರಷ್ಟು ಹಿಂದೆಯೇ ಬಡ ವಿದ್ಯಾರ್ಥಿಗಳ ನೆರವಿಗೆಂದು ಹುಟ್ಟಿದ್ದು. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ಎಷ್ಟು ಸಾವಿರವೋ. ಅವರಿಗೆ ಬಡಿಸಿದ ಜೋಳ ಎಲ್ಲಿಂದ ಬಂತು, ಬರಗಾಲದ ವರ್ಷ ಯಾರು ಕೊಟ್ಟರು, ಯಾರನ್ನು ಪಂಕ್ತಿಗೆ ಸೇರಿಸಿಕೊಂಡರು, ಯಾರನ್ನು ಬಿಟ್ಟರು ಎಂಬುದಕ್ಕೆ ಉತ್ತರವು ಹಳೆಯ ಕಡತಗಳ ಗಂಟುಗಳಲ್ಲಿದೆ. ವಿಶ್ವವಿದ್ಯಾಲಯದ ಪತ್ರವನ್ನು ಹಿಡಿದು ಬಾಗಿಲಿಗೆ ಬರುವ ವಿದ್ಯಾರ್ಥಿನಿಯು ಕೇಳುವುದು ಇಷ್ಟೆ: ಯಾವ ಯಾವ ವರ್ಷದ ಪುಸ್ತಕಗಳಿವೆಯೆಂಬ ಪಟ್ಟಿ, ಕಚೇರಿಯಲ್ಲಿ ಕುಳಿತು ಓದಲು ಜಾಗ, ಕಂಡದ್ದನ್ನು ಕಂಡಂತೆ ಬರೆಯಲು ಅನುಮತಿ. ಮೊದಲಿನೆರಡನ್ನು ಯಾವ ಕಾರ್ಯದರ್ಶಿಯೂ ಕೊಟ್ಟಾನು. ಮೂರನೆಯದನ್ನು, ಗಂಟು ಬಿಚ್ಚುವುದಕ್ಕೆ ಮೊದಲೇ, ಬರವಣಿಗೆಯಲ್ಲಿ ಕೊಡುವುದು ಯೋಗ್ಯ.