ಮೊದಲು ಮನೆ ಬರೆಯಿರಿ, ಆಮೇಲೆ ರೇಟು ಕೇಳಿ

(ಮನೆ ಕಟ್ಟಿಸಲು ಹೊರಟ ಹೆಣ್ಣುಮಕ್ಕಳ ಸಭೆಯಲ್ಲಿ ಆಡಿದ ಮಾತು)

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಇದೆ. ಎರಡೂ ಕಷ್ಟದ ಕೆಲಸ. ಇವತ್ತು ಮನೆಯ ಮಾತು ಆಡೋಣ.

ಕಟ್ಟಡದಲ್ಲಿ ಮಣ್ಣು ಹೊರುವವರು ಯಾರು? ನಾವು. ಬಾಂಡ್ಲಿಯಲ್ಲಿ ಗಾರೆ ಎತ್ತಿ ಕೊಡುವವರು ಯಾರು? ನಾವು. ಕಟ್ಟಿದ ಗೋಡೆಗೆ ನೀರು ಹಾಕುವವರು ಯಾರು? ನಾವೇ. ಆದರೆ ನಮ್ಮ ಸ್ವಂತ ಮನೆಗೆ ರೇಟು ಮಾತಾಡುವಾಗ ನಾವು ಎಲ್ಲಿರುತ್ತೇವೆ? ಒಳಗೆ ಟೀ ಕಾಸುತ್ತಾ ಇರುತ್ತೇವೆ. ಜಗಲಿಯಲ್ಲಿ ಗಂಡಸರು ಮಾತು ಮುಗಿಸುತ್ತಾರೆ. "ಚದರಕ್ಕೆ ಇಷ್ಟು" ಅಂತ ಮೇಸ್ತ್ರಿ ಹೇಳುತ್ತಾನೆ. "ಸ್ವಲ್ಪ ಕಡಿಮೆ ಮಾಡ್ಕೊಳಪ್ಪಾ" ಅಂತ ಇವರು ಹೇಳುತ್ತಾರೆ. ಎಲೆ ಅಡಿಕೆ ಕೊಟ್ಟು ಅಡ್ವಾನ್ಸು ಕೊಡುತ್ತಾರೆ. ಆಯಿತು, ಮಾತು ಮುಗಿಯಿತು.

ಗೋಡೆ ಎದ್ದ ಮೇಲೆ ಜಗಳ ಶುರು. "ನೆಲ ನನ್ನ ಲೆಕ್ಕದಲ್ಲಿ ಇಲ್ಲ." "ಕಿಟಕಿ ನೀವೇ ತರಬೇಕು." "ಹೊರಗಿನ ಗಾರೆಗೆ ಬೇರೆ ದುಡ್ಡು." ಸಂಘದಲ್ಲಿ ತಂದ ಸಾಲ ಮುಗಿದಿರುತ್ತದೆ. ಮನೆ ಅರ್ಧಕ್ಕೆ ನಿಂತಿರುತ್ತದೆ. ಇಂಥ ಅರ್ಧ ಮನೆಗಳನ್ನು ನೀವೂ ನೋಡಿದ್ದೀರಿ ಅಲ್ವಾ?

ಯಾಕೆ ಹೀಗಾಗುತ್ತದೆ? ಎಲ್ಲ ಮೇಸ್ತ್ರಿಗಳೂ ಮೋಸಗಾರರಲ್ಲ. ಮನೆಯವರು ಮನಸ್ಸಿನಲ್ಲಿ ಒಂದು ಮನೆ ಕಟ್ಟಿರುತ್ತಾರೆ. ಮೇಸ್ತ್ರಿ ತನ್ನ ಮನಸ್ಸಿನಲ್ಲಿ ಬೇರೆ ಮನೆ ಕಟ್ಟಿರುತ್ತಾನೆ. ಎರಡನ್ನೂ ಯಾರೂ ಕಾಗದದಲ್ಲಿ ಬರೆದಿರುವುದಿಲ್ಲ. ಅದಕ್ಕೇ ಹೇಳುತ್ತೇನೆ: ಮೊದಲು ಮನೆ ಬರೆಯಿರಿ, ಆಮೇಲೆ ರೇಟು ಕೇಳಿ.

ಟೆಂಡರು ಎಂದರೆ ಏನು?

ಸರ್ಕಾರ ರಸ್ತೆ, ಶಾಲೆ ಕಟ್ಟಿಸುವಾಗ ಟೆಂಡರು ಕರೆಯುತ್ತದೆ. ಇದಕ್ಕಾಗಿ ಕರ್ನಾಟಕದಲ್ಲಿ 1999ರಲ್ಲಿ ಒಂದು ಕಾಯ್ದೆಯೇ ಬಂತು. ಏನು ಕೆಲಸ, ಎಷ್ಟು ಅಳತೆ, ಯಾವ ಸಾಮಾನು ಅಂತ ಮೊದಲು ಬರೆಯುತ್ತಾರೆ. ಅದೇ ಕಾಗದವನ್ನು ಎಲ್ಲ ಕಂಟ್ರಾಕ್ಟರರಿಗೂ ಕೊಡುತ್ತಾರೆ. ಅವರು ತಮ್ಮ ತಮ್ಮ ದರವನ್ನು ಬರೆದು ಕೊಡುತ್ತಾರೆ. ಆಮೇಲೆ ದರಗಳನ್ನು ಹೋಲಿಸಿ ನೋಡುತ್ತಾರೆ.

ದೊಡ್ಡ ಕೆಲಸಕ್ಕೆ ಇರುವ ಈ ಬುದ್ಧಿ ನಮ್ಮ ಚಿಕ್ಕ ಮನೆಗೂ ಬೇಕು. ಒಂದೇ ಕಾಗದ, ಮೂರು ಮೇಸ್ತ್ರಿಗಳು. ಇಷ್ಟು ಸಾಕು.

ಒಂದು ಮಾತು ನೆನಪಿಡಿ. ಸರ್ಕಾರದ ಹಣದಲ್ಲಿ ಕಟ್ಟುವ ಮನೆಗೆ ಬೇರೆ ನಿಯಮ ಇರುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) 2016ರಲ್ಲಿ ಶುರುವಾಯಿತು. ಆಗ ಬಯಲುಸೀಮೆಯ ಮನೆಗೆ 1,20,000 ರೂಪಾಯಿ, ಗುಡ್ಡಗಾಡಿನ ಮನೆಗೆ 1,30,000 ರೂಪಾಯಿ ಅಂತ ಗೊತ್ತು ಮಾಡಿದರು. ಅಡುಗೆ ಜಾಗ ಸೇರಿ ಮನೆ 25 ಚದರ ಮೀಟರಿಗೆ ಕಡಿಮೆ ಇರಬಾರದು. ಅಂದರೆ ಸುಮಾರು 270 ಚದರ ಅಡಿ. ಈ ಯೋಜನೆಯಲ್ಲಿ ಮನೆಯನ್ನು ಕಂಟ್ರಾಕ್ಟರರಿಗೆ ವಹಿಸುವಂತಿಲ್ಲ. ಮನೆಯವರೇ ಮುಂದೆ ನಿಂತು ಕಟ್ಟಿಸಬೇಕು. ಇಂಥ ಹಣ ಪಡೆದವರು ಮೊದಲು ಪಂಚಾಯಿತಿಯಲ್ಲಿ ನಿಯಮ ಕೇಳಿ ತಿಳಿಯಿರಿ. ಆದರೂ ಮೇಸ್ತ್ರಿಯ ಕೂಲಿ ಮಾತಾಡಲೇಬೇಕು ತಾನೇ? ಅಲ್ಲಿಗೂ ಈ ಕಾಗದ ಉಪಯೋಗಕ್ಕೆ ಬರುತ್ತದೆ.

ತಂಪು ಮನೆ, ಬೆಳಕಿನ ಮನೆ

ಕಾಗದದಲ್ಲಿ ಏನು ಬರೆಯಬೇಕು? ಬರೀ ಉದ್ದ, ಅಗಲ ಬರೆದರೆ ಸಾಲದು. ಕಟ್ಟುವ ಖರ್ಚು ಒಂದು ಸಲದ್ದು. ಬಿಸಿಲು, ಹೊಗೆ, ಕತ್ತಲೆ ಇವು ಮನೆ ಇರುವ ತನಕ ಇರುತ್ತವೆ. ಹಗಲೆಲ್ಲ ಆ ಮನೆಯಲ್ಲಿ ಇರುವವರು ನಾವು, ನಮ್ಮ ಮಕ್ಕಳು, ವಯಸ್ಸಾದ ಅತ್ತೆ ಮಾವ.

"ಈಗ ಕರೆಂಟು ಬಿಲ್ಲೇ ಇಲ್ಲ, ಉಳಿಸೋದು ಯಾಕೆ?" ಅಂತ ಕೆಲವರು ಕೇಳುತ್ತಾರೆ. 2023ರಲ್ಲಿ ಕರ್ನಾಟಕ ಸರ್ಕಾರ ಗೃಹಜ್ಯೋತಿ ಯೋಜನೆ ಶುರು ಮಾಡಿತು, ನಿಜ. ಆದರೆ ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದರೆ ಫ್ಯಾನು ತಿರುಗುತ್ತದೆಯೇ? ಆಗ ನಮ್ಮನ್ನು ಕಾಪಾಡುವುದು ಸೂರು, ಗೋಡೆ, ಕಿಟಕಿ. ಇವನ್ನು ಕಟ್ಟುವಾಗಲೇ ಸರಿ ಮಾಡಬೇಕು. ಆಮೇಲೆ ಆಗದು.

ದಿಕ್ಕು: ಪಡುವಣ ಬಿಸಿಲು ಕೆಟ್ಟದ್ದು. ಸಂಜೆ ಸೂರ್ಯ ಕೆಳಗೆ ಇಳಿದಿರುತ್ತಾನೆ. ಆ ಬಿಸಿಲು ಸಜ್ಜಾದ ಕೆಳಗಿನಿಂದ ನೇರ ಒಳಗೆ ನುಗ್ಗುತ್ತದೆ. ಅದಕ್ಕೇ ಪಡುವಣಕ್ಕೆ ದೊಡ್ಡ ಕಿಟಕಿ ಬೇಡ. ಆ ಕಡೆ ಬಚ್ಚಲು, ಸಾಮಾನಿನ ಕೋಣೆ ಇರಲಿ. ಜಾಗ ಇದ್ದರೆ ಒಂದು ಮರ ನೆಡಿ. ಮನೆಯ ಉದ್ದ ಗೋಡೆಗಳು ಉತ್ತರಕ್ಕೆ, ದಕ್ಷಿಣಕ್ಕೆ ಇರಲಿ. ಕಿಟಕಿಗಳು ಆ ಗೋಡೆಗಳಲ್ಲಿ ಎದುರು ಬದುರು ಇರಲಿ. ಒಂದರಿಂದ ಗಾಳಿ ಬಂದು ಇನ್ನೊಂದರಿಂದ ಹೋಗುತ್ತದೆ. ಬಿಸಿ ಗಾಳಿ ಮೇಲೆ ಏರುತ್ತದೆ. ಅದು ಹೊರಗೆ ಹೋಗಲು ಸೂರಿನ ಹತ್ತಿರ ಗವಾಕ್ಷಿ ಬೇಕು.

ಗೋಡೆ: ಸುಟ್ಟ ಇಟ್ಟಿಗೆಗೆ ಸೌದೆ, ಕಲ್ಲಿದ್ದಲು ಬೇಕು. ಸುಡದೆ ಮಾಡುವ ಇಟ್ಟಿಗೆಯೂ ಇದೆ. ಅದಕ್ಕೆ ಮಣ್ಣಿನ ಒತ್ತಿಟ್ಟಿಗೆ ಎನ್ನಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಅಲ್ಲಿ ಈ ಇಟ್ಟಿಗೆಯ ಮೇಲೆ ಬಹಳ ಕೆಲಸ ನಡೆಯಿತು. ಜರಡಿ ಹಿಡಿದ ಮಣ್ಣಿಗೆ ಬೇಕಾದಷ್ಟು ಮರಳು ಬೆರೆಸುತ್ತಾರೆ. ನೂರು ಪಾಲು ಮಣ್ಣಿಗೆ 6ರಿಂದ 8 ಪಾಲು ಸಿಮೆಂಟು ಹಾಕುತ್ತಾರೆ. ಯಂತ್ರದಲ್ಲಿ ಒತ್ತಿ ತೆಗೆಯುತ್ತಾರೆ. ಮೂರು ವಾರ ನೀರು ಚಿಮುಕಿಸಿ ಹದ ಮಾಡುತ್ತಾರೆ. ಕೆಂಪು ಮಣ್ಣು ಇದಕ್ಕೆ ಒಳ್ಳೆಯದು. ಎರೆ ಮಣ್ಣು ಮಾತ್ರ ಹಾಗೇ ಬಳಸಲು ಬಾರದು. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ.

ಸುಟ್ಟ ಇಟ್ಟಿಗೆಯೇ ಹತ್ತಿರ ಸಿಗುತ್ತದೆಯೇ? ಅದಕ್ಕೂ ಉಪಾಯ ಇದೆ. ಕೇರಳದಲ್ಲಿ ಲಾರಿ ಬೇಕರ್ ಎಂಬ ದೊಡ್ಡ ವಾಸ್ತುಶಿಲ್ಪಿ ಇದ್ದರು. 2007ರಲ್ಲಿ ತೀರಿಕೊಂಡರು. ಬಡವರಿಗೆ ಕಡಿಮೆ ಖರ್ಚಿನಲ್ಲಿ ಚೆಂದದ ಮನೆ ಕಟ್ಟಿ ತೋರಿಸಿದವರು ಅವರು. ಇಟ್ಟಿಗೆಯನ್ನು ಮಲಗಿಸದೆ, ಅಂಚಿನ ಮೇಲೆ ನಿಲ್ಲಿಸಿ ಕಟ್ಟುವ ಕ್ರಮವನ್ನು ಅವರು ಹೆಚ್ಚು ಬಳಸಿದರು. ಗೋಡೆಯ ನಡುವೆ ಟೊಳ್ಳು ಉಳಿಯುತ್ತದೆ. ಇಲಿಬೋನಿನ ಹಾಗೆ ಕಾಣುವುದರಿಂದ ಇದಕ್ಕೆ ಇಲಿಬೋನು ಕಟ್ಟು ಎನ್ನುತ್ತಾರೆ. ನಾಲ್ಕು ಇಟ್ಟಿಗೆ ಬೇಕಾದ ಕಡೆ ಮೂರು ಸಾಕು. ಟೊಳ್ಳಿನಲ್ಲಿ ಗಾಳಿ ನಿಲ್ಲುವುದರಿಂದ ಬಿಸಿಲಿನ ಕಾವು ಬೇಗ ಒಳಗೆ ಬರುವುದಿಲ್ಲ.

ಸೂರು: ಒಂದೇ ಅಂತಸ್ತಿನ ಮನೆಗೆ ಹೆಚ್ಚು ಕಾವು ಬರುವುದು ಮೇಲಿನಿಂದ. ತಗಡಿನ ಮನೆಯಲ್ಲಿ ಇದ್ದವರಿಗೆ ನಾನು ಹೇಳಬೇಕಾಗಿಲ್ಲ. ಹೆಂಚಿನ ಮನೆ ತಂಪು. ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಅಂದಿನಿಂದ ಆ ಹೆಂಚು ನಾಡೆಲ್ಲ ಹರಡಿತು. ತಾರಸಿಯೇ ಬೇಕು ಎನ್ನುವವರಿಗೆ ಹೆಂಚು ತುಂಬಿದ ತಾರಸಿ ಇದೆ. ತಾರಸಿಯ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣದ ಕಂಬಿ. ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸ ಇಲ್ಲ. ಕಂಬಿಗಳ ನಡುವೆ ಹೆಂಚು ಇಟ್ಟರೆ ಅಷ್ಟು ಕಾಂಕ್ರೀಟು ಉಳಿಯುತ್ತದೆ, ಕಾವೂ ಕಡಿಮೆ. ಆದರೆ ಈ ಕೆಲಸ ಗೊತ್ತಿರುವ ಮೇಸ್ತ್ರಿಯೇ ಮಾಡಬೇಕು. ಕಂಬಿಯ ಲೆಕ್ಕವನ್ನು ಇಂಜಿನಿಯರರೇ ಬರೆದು ಕೊಡಬೇಕು. ತಾರಸಿ ಯಾವುದೇ ಇರಲಿ, ಬೇಸಿಗೆಗೆ ಮುಂಚೆ ಮೇಲೆ ಬಿಳಿ ಸುಣ್ಣ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

ಅಡುಗೆ ಜಾಗ: ಗ್ಯಾಸು ಇದ್ದರೂ ಸೌದೆ ಒಲೆ ಉರಿಸುವವರು ಇನ್ನೂ ಇದ್ದಾರೆ. ಹಾಗಿದ್ದರೆ ಹೊಗೆ ಕೊಳವೆಗೆ ಸೂರಿನಲ್ಲಿ ಮೊದಲೇ ತೂತು ಬಿಡಿಸಿ. ಆಮೇಲೆ ತಾರಸಿ ಒಡೆಯಲು ಹೋದರೆ ಮಳೆಗಾಲದಲ್ಲಿ ಸೋರುತ್ತದೆ.

ದೀಪ: 60 ವ್ಯಾಟಿನ ಹಳೇ ಬಲ್ಬು ದಿನಕ್ಕೆ 5 ಗಂಟೆ ಉರಿದರೆ 30 ದಿನಕ್ಕೆ 9 ಯೂನಿಟ್ ಆಗುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಒಂದೂವರೆ ಯೂನಿಟ್ಟೂ ಆಗುವುದಿಲ್ಲ. ಹಗಲಿಗೆ ಅದೂ ಬೇಡ. ಹೆಂಚಿನ ಸೂರಿನಲ್ಲಿ ಒಂದು ಗಾಜಿನ ಹೆಂಚು ಹಾಕಿಸಿ.

ಕಾಗದ ಹೀಗೆ ಬರೆಯಿರಿ

ದೊಡ್ಡ ಅಕ್ಷರದಲ್ಲಿ ಬರೆದರೂ ಸರಿ. ತಪ್ಪಾದರೂ ಪರವಾಗಿಲ್ಲ. ಅರ್ಥ ಆದರೆ ಸಾಕು.

"ಮೇಸ್ತ್ರಿಯವರಿಗೆ ನಮಸ್ಕಾರ. ನಮ್ಮ ಮನೆ ಕೆಲಸಕ್ಕೆ ನಿಮ್ಮ ದರ ಬರೆದು ಕೊಡಿ.

1. ಮನೆ 20 ಅಡಿ ಉದ್ದ, 15 ಅಡಿ ಅಗಲ. ಒಟ್ಟು 300 ಚದರ ಅಡಿ, ಅಂದರೆ 3 ಚದರ.
2. ಪಾಯ ಕಲ್ಲಿನದು. ಆಳ ಎಷ್ಟು ಎಂದು ಬರೆಯಿರಿ.
3. ಗೋಡೆ ಮಣ್ಣಿನ ಒತ್ತಿಟ್ಟಿಗೆಯದು, ಇಲ್ಲವೇ ಇಲಿಬೋನು ಕಟ್ಟಿನದು. ಎರಡಕ್ಕೂ ಬೇರೆ ಬೇರೆ ದರ ಬರೆಯಿರಿ.
4. ಸೂರು ಮಂಗಳೂರು ಹೆಂಚಿನದು. ಒಂದು ಗಾಜಿನ ಹೆಂಚು.
5. ನಾಲ್ಕು ಕಿಟಕಿ, ಎದುರು ಬದುರು. ಮೇಲೆ 2 ಅಡಿ ಸಜ್ಜಾ. ಎರಡು ಗವಾಕ್ಷಿ. ಎರಡು ಬಾಗಿಲು.
6. ನೆಲ, ಗಾರೆ, ಸುಣ್ಣ ಬಣ್ಣ, ವೈರಿಂಗು, ಹೊಗೆ ಕೊಳವೆ ಸೇರಿವೆಯೇ? ಒಂದೊಂದಕ್ಕೂ ಹೌದು ಅಥವಾ ಇಲ್ಲ ಎಂದು ಬರೆಯಿರಿ.
7. ಸಾಮಾನು ಯಾರದು? ಕ್ಯೂರಿಂಗ್ ನೀರು ಯಾರದು?
8. ಎಷ್ಟು ದಿನದಲ್ಲಿ ಮುಗಿಸುತ್ತೀರಿ?"

ಈ ಕಾಗದವನ್ನು ಮೂರು ಜನಕ್ಕೆ ಕೊಡಿ. ಒಬ್ಬರ ದರವನ್ನು ಇನ್ನೊಬ್ಬರಿಗೆ ಹೇಳಬೇಡಿ. ಅವರು ಮೊದಲು ಕಟ್ಟಿದ ಮನೆಗಳಿಗೆ ಹೋಗಿ ಬನ್ನಿ. ಆ ಮನೆಯ ಹೆಂಗಸರನ್ನು ಕೇಳಿ: "ಅಕ್ಕಾ, ಸೋರುತ್ತದಾ? ಮಧ್ಯಾಹ್ನ ಸೆಕೆ ಇದೆಯಾ? ಹೇಳಿದ ದುಡ್ಡಿಗೆ ಮುಗಿಸಿದರಾ?" ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಕಡಿಮೆ ದರ ಯಾವುದು?

ಈಗ ಒಂದು ಲೆಕ್ಕ ಮಾಡೋಣ. ಇದು ಕಲಿಯುವುದಕ್ಕೆ ಮಾಡಿದ ಲೆಕ್ಕ. ನಿಮ್ಮ ಊರಿನ ದರ ಬೇರೆ ಇರುತ್ತದೆ.

ಮೊದಲ ಮೇಸ್ತ್ರಿ 4,20,000 ಬರೆದ. ಎರಡನೆಯವನು 4,95,000 ಬರೆದ. ಮೂರನೆಯವನು 5,40,000 ಬರೆದ. ಯಾರಿಗೆ ಕೊಡುತ್ತೀರಿ? ಮೊದಲನೆಯವನಿಗೆ ಅಂತ ಬಾಯಿಗೆ ಬರುತ್ತದೆ. ತಡೆಯಿರಿ, ಆರನೇ ಸಾಲು ಓದಿ.

ಮೊದಲನೆಯವನು ನೆಲ ಇಲ್ಲ ಅಂದಿದ್ದಾನೆ. ಅದಕ್ಕೆ 30,000. ವೈರಿಂಗು ಇಲ್ಲ. ಅದಕ್ಕೆ 25,000. ಬಾಗಿಲು ಕಿಟಕಿಯ ಸಾಮಾನೂ ಅವನದಲ್ಲ. ಅದಕ್ಕೆ 55,000. ಎಲ್ಲ ಕೂಡಿಸಿ. 5,30,000 ಆಯಿತು.

ಎರಡನೆಯವನು ಸುಣ್ಣ ಬಣ್ಣ ಮಾತ್ರ ಬಿಟ್ಟಿದ್ದಾನೆ. ಅದಕ್ಕೆ 10,000. ಒಟ್ಟು 5,05,000.

ಮೂರನೆಯವನದು ಎಲ್ಲ ಸೇರಿ 5,40,000.

ನೋಡಿದಿರಾ? ಮೇಲೆ ಕಡಿಮೆ ಕಂಡದ್ದು ಒಳಗೆ ಕಡಿಮೆ ಅಲ್ಲ. ಓದಲು ಬಾರದಿದ್ದರೆ ಮೇಲಿನ ಅಂಕಿ ಮಾತ್ರ ಯಾರೋ ಹೇಳುತ್ತಿದ್ದರು. ನಾವು ತಲೆ ಆಡಿಸುತ್ತಿದ್ದೆವು.

ದುಡ್ಡು ಕೊಡುವ ಬಗೆ

ಒಪ್ಪಿದ ಮೇಲೆ ಛಾಪಾ ಕಾಗದದ ಮೇಲೆ ಕರಾರು ಬರೆಸಿ. ನಿಮ್ಮ ಎಂಟು ಸಾಲುಗಳನ್ನೂ, ಅವನ ಉತ್ತರಗಳನ್ನೂ ಅದರಲ್ಲಿ ಸೇರಿಸಿ. ದುಡ್ಡನ್ನು ಕೆಲಸದ ಹಿಂದೆ ಕೊಡಿ, ಮುಂದೆ ಓಡಿಸಬೇಡಿ. ಪಾಯ ಮುಗಿದಾಗ ಒಂದು ಕಂತು. ಕಿಟಕಿ ಮಟ್ಟಕ್ಕೆ ಗೋಡೆ ಬಂದಾಗ ಒಂದು ಕಂತು. ಸೂರು ಆದಾಗ ಒಂದು ಕಂತು. ಹತ್ತರಲ್ಲಿ ಒಂದು ಪಾಲು ಕೈಯಲ್ಲಿ ಇಟ್ಟುಕೊಳ್ಳಿ. ಮೊದಲ ಮಳೆ ಬಂದು, ಸೋರಲಿಲ್ಲ ಅಂತ ನೋಡಿ ಅದನ್ನು ಕೊಡಿ. ಇದನ್ನೂ ಕರಾರಿನಲ್ಲಿ ಮೊದಲೇ ಬರೆಸಿ. ಕೊನೆಗೆ ಹೇಳಿದರೆ ಮೇಸ್ತ್ರಿಗೂ ಅನ್ಯಾಯ. ಅವನ ಕೈಕೆಳಗೆ ದುಡಿಯುವ ಹೆಂಗಸರಿಗೂ ಕೂಲಿ ನಿಲ್ಲುತ್ತದೆ. ಕೆಲಸ ಸರಿಯಾಗಿ ಆದರೆ ಕಂತನ್ನು ಒಂದು ದಿನವೂ ತಡ ಮಾಡಬೇಡಿ.

ಪ್ರತಿ ಸಲ ದುಡ್ಡು ಕೊಟ್ಟಾಗ ತಾರೀಖು ಬರೆದು ಸಹಿ ಹಾಕಿಸಿಕೊಳ್ಳಿ. ಸಿಮೆಂಟು, ಕಂಬಿಯ ಬಿಲ್ಲುಗಳನ್ನು ಒಂದು ಚೀಲದಲ್ಲಿ ಹಾಕಿಡಿ. ಸಿಮೆಂಟು ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಅದನ್ನು ಓದಿ. ಮೂರು ತಿಂಗಳು ದಾಟಿದ ಸಿಮೆಂಟಿನ ಸತ್ವ ಕುಗ್ಗುತ್ತದೆ.

ಸಂದೇಹ ಬಂದರೆ ಪಂಚಾಯಿತಿಯ ಇಂಜಿನಿಯರರನ್ನು ಕೇಳಿ. ಜಿಲ್ಲೆಗಳಲ್ಲಿ ನಿರ್ಮಿತಿ ಕೇಂದ್ರಗಳಿವೆ. ಕಡಿಮೆ ಖರ್ಚಿನ ಕಟ್ಟಡದ ವಿಧಾನಗಳನ್ನು ಹರಡುವುದಕ್ಕೇ ಅವು ಹುಟ್ಟಿದ್ದು. ಅಲ್ಲಿ ಹೋಗಿ ಒತ್ತಿಟ್ಟಿಗೆ ಎಲ್ಲಿ ಸಿಗುತ್ತದೆ, ಯಾವ ಮೇಸ್ತ್ರಿಗೆ ಕೆಲಸ ಗೊತ್ತು ಅಂತ ವಿಚಾರಿಸಿ. ಒಬ್ಬರೇ ಹೋಗಲು ಸಂಕೋಚವೇ? ಸಂಘದ ನಾಲ್ಕು ಜನ ಕೂಡಿ ಹೋಗಿ.

ಕೊನೆಯ ಮಾತು

ಕರಾರಿನ ಕೆಳಗೆ ಸಹಿ ಹಾಕುವ ಜಾಗ ಇರುತ್ತದೆ. "ಅಮ್ಮಾ, ಇಲ್ಲಿ ಒಂದು ಸಹಿ ಹಾಕಿ" ಅಂತ ಬೆರಳು ತೋರಿಸುತ್ತಾರೆ. ಸಹಿ ಕಲಿತಿದ್ದೇವೆ ಅಂತ ಹಿಗ್ಗಿನಿಂದ ಕೂಡಲೇ ಹಾಕಬೇಡಿ. ಸಹಿಗೆ ಮೇಲೆ ಇರುವುದನ್ನು ಓದಿ. ಅರ್ಥವಾಗದ ಸಾಲು ಬಂದರೆ "ಇದು ಏನು?" ಅಂತ ಕೇಳಿ. ಅವಸರ ಮಾಡಿದರೆ "ನಾಳೆ ಬನ್ನಿ" ಅನ್ನಿ. ಮನೆ ನಮ್ಮದು, ಸಾಲ ನಮ್ಮದು, ತೀರಿಸುವವರೂ ನಾವೇ.

ಈಗ ನೀವು ಒಂದು ಕೆಲಸ ಮಾಡಿ. ನಿಮ್ಮ ನಿಮ್ಮ ಮನೆಯನ್ನು ಎಂಟು ಸಾಲಿನಲ್ಲಿ ಬರೆದು ತನ್ನಿ. ಮುಂದಿನ ಸಭೆಯಲ್ಲಿ ಒಬ್ಬರದನ್ನು ಒಬ್ಬರು ಓದೋಣ. ಬಿಟ್ಟುಹೋದದ್ದನ್ನು ಸೇರಿಸೋಣ.